ಕತ್ತರಿ ಬೀಳುವ ಮುನ್ನ

ಶಿವರಾಮ ಕಾರಂತರ ಕಾದಂಬರಿ ‘ಚೋಮನ ದುಡಿ’ಯನ್ನು 1975ರಲ್ಲಿ ಬಿ.ವಿ. ಕಾರಂತರು ತೆರೆಗೆ ತಂದಾಗ ಜನ ಕೊಂಡಾಡಿದ್ದು ಸಂಕಲನ ಮುಗಿದ ಚಿತ್ರವನ್ನು. ಅಂಥ ಚಿತ್ರಗಳ ಬೇರು ಇರುವುದು ‘ರಶಸ್’ನಲ್ಲಿ: ದಿನದ ಚಿತ್ರೀಕರಣವನ್ನು ಲ್ಯಾಬಿನಲ್ಲಿ ಸಂಸ್ಕರಿಸಿ, ಕತ್ತರಿ ತಾಗಿಸದೆ ತಂಡ ನೋಡುವ ಪ್ರತಿ. ಅದರ ಸೊಗಸೇ ಬೇರೆ. ಕ್ಲ್ಯಾಪ್ ಬೋರ್ಡಿನ ಸೀಮೆಸುಣ್ಣದ ಅಂಕಿ, ‘ಆಕ್ಷನ್’ಗೆ ಮೊದಲು ಪಾತ್ರದೊಳಗೆ ಇಳಿಯುತ್ತಿರುವ ನಟನ ಮುಖ, ಫೋಕಸ್ ಹುಡುಕಿ ನಿಲ್ಲುವ ಲೆನ್ಸು, ‘ಕಟ್’ ಎಂದ ಮೇಲೂ ಆರದ ಭಾವ, ಎಲ್ಲವೂ ಅಲ್ಲಿವೆ. ಛಾಯಾಗ್ರಾಹಕರ ಕೈಯ ಸ್ಥಿರತೆಯನ್ನು ಅಲ್ಲಿ ಯಾವ ಜೋಡಣೆಯೂ ಮರೆಮಾಡದು.

ಬಹುಪಾಲು ಬಿಸಾಡುವ ಕಚ್ಚಾ ಮಾಲಿಗೆ ಇಷ್ಟು ಗೌರವವೇಕೆ ಎನ್ನಬಹುದು. ಆದರೆ ಸಂಕಲನಕಾರ ಆರಿಸಬಲ್ಲದ್ದು ಅಲ್ಲಿರುವುದನ್ನೇ. 35 ಎಂ.ಎಂ. ಫಿಲ್ಮು ಸಾವಿರ ಅಡಿಗೆ ಓಡುವುದು ಸುಮಾರು 11 ನಿಮಿಷ. ಹಾಗಾಗಿ ಪ್ರತಿ ಟೇಕಿನ ಹಿಂದೆಯೂ ತಾಲೀಮು, ಲೆಕ್ಕಾಚಾರ, ಎಚ್ಚರ ಇದ್ದವು. ಈಗ ಮಾನಿಟರಿನಲ್ಲೇ ಎಲ್ಲ ಕಾಣುತ್ತದೆಂಬ ಮಾತೂ ನಿಜ. ಆದರೆ ಸೆಟ್ಟಿನ ಅವಸರದಲ್ಲಿ ಕಾಣುವುದು ತಪ್ಪಾಯಿತೇ ಎಂಬುದಷ್ಟೆ. ಟೇಕುಗಳನ್ನು ಸಾಲಾಗಿ, ಸಾವಧಾನದಿಂದ ನೋಡಿದಾಗಲೇ ಜೀವ ಯಾವುದರಲ್ಲಿದೆ ಎಂದು ತಿಳಿಯುತ್ತದೆ. ಆ ತಾಳ್ಮೆಯ ನೋಟವೂ ಸಿನಿಮಾ ಕಸುಬಿನ ದೊಡ್ಡ ಕಲೆ.