ಚೀರಾಟದೊಳಗಿನ ಜೋಗುಳ

ಜಾಝ್ ಸ್ಯಾಕ್ಸೋಫೋನ್ ವಾದಕ ಆಲ್ಬರ್ಟ್ ಐಲರ್‌ನ ಧ್ವನಿಮುದ್ರಿಕೆ ‘ಸ್ಪಿರಿಚುಯಲ್ ಯೂನಿಟಿ’ಯನ್ನು ಮೊದಲ ಸಲ ಕೇಳುವವರಿಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿದರೆ ತಪ್ಪೇನಿಲ್ಲ. ಸ್ಯಾಕ್ಸೋಫೋನ್ ಅರಚುತ್ತದೆ, ಬಿಕ್ಕುತ್ತದೆ, ಗದ್ಗದಿಸಿ ಒಡೆಯುತ್ತದೆ. ಬೇಡವೆನ್ನುವವರು ಇದನ್ನು ಗದ್ದಲ ಎನ್ನುತ್ತಾರೆ. ಮೆಚ್ಚುವವರು ಕಟ್ಟುಪಾಡು ಹರಿದೊಗೆದ ಶುದ್ಧ ಭಾವ ಎನ್ನುತ್ತಾರೆ. ಎರಡೂ ಕಡೆಯವರ ಕಿವಿಗೆ ಬಿದ್ದದ್ದು ಚೀರಾಟವೊಂದೇ. ಆ ಚೀರಾಟ ಕರುಳಿಗೆ ತಟ್ಟುವುದು ಅದರ ಹಿಂದುಮುಂದಿರುವ ಹಾಡಿನಿಂದ.

1964ರ ಜುಲೈ 10ರಂದು ನ್ಯೂಯಾರ್ಕಿನಲ್ಲಿ ಮುದ್ರಿಸಿದ ಈ ಧ್ವನಿಮುದ್ರಿಕೆ ಅರ್ಧ ಗಂಟೆಗೂ ತುಸು ಕಡಿಮೆ. ನಾಲ್ಕು ರಚನೆಗಳು, ಮೂವರು ವಾದಕರು: ಟೆನರ್ ಸ್ಯಾಕ್ಸೋಫೋನಿನಲ್ಲಿ ಐಲರ್, ಬೇಸ್‌ನಲ್ಲಿ ಗ್ಯಾರಿ ಪೀಕಾಕ್, ಡ್ರಮ್ಸ್‌ನಲ್ಲಿ ಸನ್ನಿ ಮರ್ರೆ.

ಮೊದಲನೆಯದು ‘ಘೋಸ್ಟ್ಸ್’. ಅದರ ಪಲ್ಲವಿ ಮಕ್ಕಳೂ ಗುನುಗಬಹುದಾದಷ್ಟು ಸರಳ. ಐಲರ್ ಅದನ್ನು ದಪ್ಪ ಸ್ವರದಲ್ಲಿ, ಅಗಲವಾದ ಕಂಪನದೊಡನೆ, ಸಂಕೋಚವಿಲ್ಲದೆ ನುಡಿಸುತ್ತಾನೆ. ಎಳೆತನದಲ್ಲಿ ಚರ್ಚಿನಲ್ಲಿ, ಮುಂದೆ ಸೇನೆಯ ಬ್ಯಾಂಡಿನಲ್ಲಿ ನುಡಿಸಿದವನ ಪಳಗಿದ ಉಸಿರು ಅದು. ಕೇಳುಗ ಆ ಧಾಟಿಗೆ ಒಗ್ಗಿಕೊಳ್ಳುವಷ್ಟರಲ್ಲಿ ಸ್ವರಗಳು ಕರಗತೊಡಗುತ್ತವೆ: ಒಂದು ಸ್ವರ ಇನ್ನೊಂದಕ್ಕೆ ಜಾರುತ್ತದೆ, ತಾರಸ್ಥಾಯಿಗೆ ಹಾರಿ ಸೀಳುತ್ತದೆ, ತಟ್ಟನೆ ಮಂದ್ರದಲ್ಲಿ ಗೊರಗುಟ್ಟುತ್ತದೆ. ಕೊನೆಗೆ ಪಲ್ಲವಿ ಮರಳಿ ಬರುತ್ತದೆ. ಧಾಟಿ ಅದೇ, ಆದರೆ ನಡುವೆ ಏನಾಯಿತೆಂದು ಬಲ್ಲ ನಮಗೆ ಆ ಮುಗ್ಧತೆಯನ್ನು ಈಗ ತಾಳಿಕೊಳ್ಳುವುದೇ ಕಷ್ಟ.

ಜೊತೆಗಾರರ ಪಾಲೂ ದೊಡ್ಡದು. ಮರ್ರೆ ತಾಳದ ಲೆಕ್ಕ ಹಿಡಿಯುವುದಿಲ್ಲ. ಅವನ ಸಿಂಬಲ್‌ಗಳ ಸದ್ದು ಜಿಟಿಜಿಟಿ ಮಳೆಯಂತೆ ಬಿಡದೆ ಸುರಿಯುತ್ತದೆ. ಪೀಕಾಕ್ ಬೇಸ್‌ನಲ್ಲಿ ಮರುಮಾತಾಡುತ್ತಾನೆ. ಪಿಯಾನೊ ಇಲ್ಲದ್ದರಿಂದ ಸ್ಯಾಕ್ಸೋಫೋನಿಗೆ ಒರಗಿಕೊಳ್ಳಲು ಗೋಡೆಯೇ ಇಲ್ಲ. ಒಂಟಿ ದನಿಯ ಅಳಲು ಅಷ್ಟು ಬೆತ್ತಲೆಯಾಗಿ ಕೇಳುವುದಕ್ಕೆ ಇದೂ ಕಾರಣ.

ಎಲ್ಲವೂ ಒಂದೇ ಎತ್ತರದಲ್ಲಿಲ್ಲ. ‘ದಿ ವಿಝಾರ್ಡ್’ನಲ್ಲಿ ಆವೇಶಕ್ಕೆ ಕೊರತೆಯಿಲ್ಲ, ಆದರೆ ಮನಸ್ಸಿನಲ್ಲಿ ಉಳಿಯುವ ಧಾಟಿ ತೆಳು. ಹಾಗಾಗಿ ಅದರ ಏಳು ನಿಮಿಷ ಬೆರಗು ಹುಟ್ಟಿಸುತ್ತದೆ, ಕಣ್ಣು ತೇವವಾಗಿಸುವುದಿಲ್ಲ.

1967ರಲ್ಲಿ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್‌ನ ಅಂತ್ಯಸಂಸ್ಕಾರದಲ್ಲಿ ನುಡಿಸಿದ ಐಲರ್, 1970ರ ನವೆಂಬರಿನಲ್ಲಿ ನ್ಯೂಯಾರ್ಕಿನ ಈಸ್ಟ್ ನದಿಯಲ್ಲಿ ಹೆಣವಾಗಿ ಸಿಕ್ಕ. ಆಗವನಿಗೆ 34. ಆ ಸಾವನ್ನು ಹಿಂದಕ್ಕೆ ಎಳೆದುತಂದು ಈ ಸಂಗೀತಕ್ಕೆ ದುಃಖ ತುಂಬುವ ಅಗತ್ಯವಿಲ್ಲ. ಆರು ವರ್ಷ ಮೊದಲೇ ನುಡಿಸಿದ ಇದರಲ್ಲಿ ದುಃಖದಷ್ಟೇ ಹಬ್ಬದ ಸಡಗರವೂ ಇದೆ.

‘ಘೋಸ್ಟ್ಸ್’ ಇದರಲ್ಲಿ ಎರಡು ಸಲ ಬರುತ್ತದೆ: ಮೊದಲಿಗೆ ಐದು ನಿಮಿಷ, ಕೊನೆಗೆ ಹತ್ತು. ಮೊದಲನೆಯದರ ಪಲ್ಲವಿಯನ್ನು ನೀವೇ ನಾಲ್ಕು ಸಲ ಗುನುಗಿಕೊಂಡು, ಆಮೇಲೆ ಎರಡನೆಯದನ್ನು ಕೇಳಿ.