ಪೇಟೆ ಸುತ್ತಿ ಕಲಿಯುವ ಉದ್ಯಮ: ರುಡ್‌ಸೆಟ್ ಮಾದರಿಯ ಬಲ ಮತ್ತು ಕೊರತೆ

ರುಡ್‌ಸೆಟ್ ಎಂಬ ಹೆಸರನ್ನು ಕರ್ನಾಟಕದ ಹಳ್ಳಿಗಳಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಅಲ್ಲಿನ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಉಜಿರೆಯಲ್ಲಿ ಇದನ್ನು ಆರಂಭಿಸಿದವು. ನಿರುದ್ಯೋಗಿ ಯುವಜನರಿಗೆ ಊಟ, ವಸತಿ ಸಹಿತ ಉಚಿತ ತರಬೇತಿ, ಆಮೇಲೆ ಸುಮಾರು ಎರಡು ವರ್ಷ ಬೆನ್ನಿಗೆ ನಿಂತು ವಿಚಾರಿಸಿಕೊಳ್ಳುವುದು ಇದರ ಪದ್ಧತಿ. 2009ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದನ್ನೇ ಮಾದರಿಯಾಗಿಟ್ಟುಕೊಂಡು ಜಿಲ್ಲೆಗೊಂದು ತರಬೇತಿ ಸಂಸ್ಥೆ ತೆರೆಯಲು ಹೊರಟಿತು. ಇಂದು ಆರ್‌ಸೆಟಿ ಎಂಬ ಹೆಸರಲ್ಲಿ, ಬ್ಯಾಂಕುಗಳ ಹೊಣೆಯಲ್ಲಿ, ಅವು ದೇಶದ ಬಹುತೇಕ ಜಿಲ್ಲೆಗಳಲ್ಲಿವೆ.

ಈ ಸಂಸ್ಥೆಗಳ ಬಗ್ಗೆ ಬರುವ ಬರಹಗಳೆಲ್ಲ ಸಾಮಾನ್ಯವಾಗಿ ಹೊಲಿಗೆ, ಮೊಬೈಲ್ ರಿಪೇರಿ, ಹೈನುಗಾರಿಕೆ, ಬ್ಯೂಟಿ ಪಾರ್ಲರ್ ಮುಂತಾದ ಕಸುಬುಗಳ ತರಬೇತಿಯನ್ನು ಹೊಗಳುತ್ತವೆ. ಹೊಗಳಿಕೆ ಸಲ್ಲಬೇಕಾದದ್ದೇ. ಆದರೆ ಈ ಮಾದರಿಯಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ವೇಳಾಪಟ್ಟಿಯ ಒಂದು ಮೂಲೆಯಲ್ಲಿರುವ ‘ಮಾರುಕಟ್ಟೆ ಸಮೀಕ್ಷೆ’. ಶಿಬಿರಾರ್ಥಿಗಳು ತರಗತಿ ಬಿಟ್ಟು ಪೇಟೆಗೆ ಹೋಗಿ, ತಾವು ಮಾಡಬೇಕೆಂದಿರುವ ವ್ಯಾಪಾರವನ್ನು ಈಗಾಗಲೇ ಮಾಡುತ್ತಿರುವವರನ್ನೂ ಗಿರಾಕಿಗಳನ್ನೂ ಸಾಮಾನು ಪೂರೈಸುವವರನ್ನೂ ಮಾತಾಡಿಸಿ ಬರುವ ಪಾಠ ಅದು. ಅದಕ್ಕೆ ಸಿಗಬೇಕಾದಷ್ಟು ಸಮಯವೂ ಗೌರವವೂ ಸಿಗುತ್ತಿಲ್ಲ ಎಂಬುದೇ ನನ್ನ ಮುಖ್ಯ ತಕರಾರು.

ಉದ್ಯಮಶೀಲತೆ ಹುಟ್ಟಿನಿಂದ ಬರುವಂಥದ್ದು, ಕೆಲವು ಜಾತಿ, ಕೆಲವು ಮನೆತನಗಳ ಸೊತ್ತು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿತ್ತು. ಅದನ್ನು ಅಲುಗಾಡಿಸಿದ ಪ್ರಯೋಗ ನಡೆದದ್ದು ಆಂಧ್ರದ ಕಾಕಿನಾಡದಲ್ಲಿ. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಮೆಕ್‌ಕ್ಲೆಲಂಡ್ 1964ರಲ್ಲಿ ಅಲ್ಲಿನ ಸಣ್ಣ ವ್ಯಾಪಾರಿಗಳಿಗೆ ಸಾಧನಾ ಪ್ರೇರಣೆಯ ತರಬೇತಿ ಕೊಟ್ಟು, ದೊಡ್ಡವರಾದ ಮೇಲೂ ಮನುಷ್ಯ ಈ ಗುಣವನ್ನು ಬೆಳೆಸಿಕೊಳ್ಳಬಲ್ಲ ಎಂದು ವಾದಿಸಿದ. ನಮ್ಮ ಉದ್ಯಮಶೀಲತಾ ಶಿಬಿರಗಳಲ್ಲಿ ಇಂದಿಗೂ ಆಡಿಸುವ ರಿಂಗ್ ಎಸೆಯುವ ಆಟದ ಹಿಂದೆ ಇರುವುದು ಆತನ ವಿಚಾರವೇ. ಎಷ್ಟು ದೂರದಿಂದ ಎಸೆಯಬೇಕೆಂಬುದನ್ನು ಆಡುವವರೇ ಆರಿಸಿಕೊಳ್ಳಬೇಕು. ತೀರ ಹತ್ತಿರ ನಿಂತರೆ ಗೆದ್ದರೂ ಸುಖವಿಲ್ಲ, ತೀರ ದೂರ ನಿಂತರೆ ಅದು ಅದೃಷ್ಟದ ಆಟ. ಅಳೆದು ತೂಗಿ ಅಪಾಯಕ್ಕೆ ಕೈಹಾಕುವುದು ಹೇಗೆಂದು ಆಟ ತೋರಿಸುತ್ತದೆ. ಆಟ ಚೆನ್ನಾಗಿದೆ. ಆದರೆ ಸಭಾಂಗಣದಲ್ಲಿ ದೂರ ಕಣ್ಣಿಗೆ ಕಾಣುತ್ತದೆ, ಪೇಟೆಯಲ್ಲಿ ಕಾಣುವುದಿಲ್ಲ. ಅಲ್ಲಿ ಅದನ್ನು ಅಳೆಯಲು ಸಮೀಕ್ಷೆಯೊಂದೇ ದಾರಿ.

ಒಂದು ಉದಾಹರಣೆ ನೋಡೋಣ. ಹೊಲಿಗೆ ಕಲಿತ ಹೆಣ್ಣುಮಗಳೊಬ್ಬಳು ತಾಲ್ಲೂಕು ಪೇಟೆಯಲ್ಲಿ ಅಂಗಡಿ ಇಡಲು ಯೋಚಿಸುತ್ತಾಳೆ ಎನ್ನಿ. ಲೈನಿಂಗ್ ಬ್ಲೌಸಿಗೆ 300 ರೂಪಾಯಿ ಕೂಲಿ. ಲೈನಿಂಗ್ ಬಟ್ಟೆ, ದಾರ, ಹುಕ್ಕಿಗೆ 70 ಹೋದರೆ ಕೈಗೆ 230. ಅಂಗಡಿ ಬಾಡಿಗೆ 3000, ಕರೆಂಟಿಗೆ 300, ಸಾಲದ ಕಂತು 1300, ಒಟ್ಟು 4600. ಅಂದರೆ ತಿಂಗಳಿಗೆ 20 ಬ್ಲೌಸ್ ಹೊಲಿದಾಗ ಅಂಗಡಿಯ ಖರ್ಚು ಹುಟ್ಟುತ್ತದೆ, 21ನೆಯದರಿಂದ ಅವಳ ದುಡಿಮೆಗೆ ಕಾಸು. ಇಷ್ಟು ಲೆಕ್ಕವನ್ನು ತರಗತಿಯಲ್ಲೇ ಹೇಳಿಕೊಡಬಹುದು. ಆಷಾಢದಲ್ಲಿ 20 ಬ್ಲೌಸ್ ಬರುತ್ತವೆಯೇ? ಮದುವೆ ಸೀಸನ್ನಿನಲ್ಲಿ ಹೇಳಿದ ದಿನಕ್ಕೆ ಕೊಡಲಾಗದೆ ಗಿರಾಕಿ ತಪ್ಪಿಹೋಗುತ್ತಾರೆಯೇ? ಬಟ್ಟೆ ತೆಗೆದುಕೊಂಡು ಹೋಗುವಾಗ ‘ಮುಂದಿನ ವಾರ ಕೊಡ್ತೀನಿ’ ಎನ್ನುವವರು ಎಷ್ಟು ಮಂದಿ? ಫಾಲ್, ಪಿಕೋ ಕೆಲಸ ಇಟ್ಟುಕೊಂಡರೆ ಬಾಡಿಗೆ ಅದರಲ್ಲೇ ಹುಟ್ಟುತ್ತದೆಯೇ? ಇವುಗಳ ಉತ್ತರ ಹತ್ತಾರು ವರ್ಷ ಮೆಷಿನ್ ತುಳಿದ ಒಬ್ಬ ಟೈಲರ್ ಬಳಿ ಇದೆ. ಅವನ ಎದುರು ಸ್ಟೂಲಿನಲ್ಲಿ ಅರ್ಧ ದಿನ ಕೂತು, ಬಂದುಹೋಗುವ ಗಿರಾಕಿಗಳನ್ನು ನೋಡಿದವಳಿಗೆ ಮಾತ್ರ ಅದು ಸಿಗುತ್ತದೆ.

ಸಮೀಕ್ಷೆ ಸೊರಗುವುದು ಇಲ್ಲಿಯೇ. ಹೆಚ್ಚಿನ ಕಡೆ ಅದು ನಮೂನೆ ತುಂಬುವ ಕೆಲಸವಾಗಿಬಿಡುತ್ತದೆ. ತಂಡ ಕಟ್ಟಿಕೊಂಡು ಹೋಗಿ, ಕೆಲವು ಅಂಗಡಿಗಳಲ್ಲಿ ದರ ಕೇಳಿ ಬರೆದುಕೊಂಡು, ಸಂಜೆಗೆ ಒಪ್ಪಿಸಿದರೆ ಮುಗಿಯಿತು. ಪ್ರಶ್ನೆಗಳಲ್ಲೂ ದೋಷವಿದೆ. ‘ಇಲ್ಲಿ ಹೊಸ ಅಂಗಡಿ ಬಂದರೆ ಬರುತ್ತೀರಾ?’ ಎಂದರೆ ನಮ್ಮ ಜನ ಮುಖ ನೋಡಿ ‘ಬರದೇ ಏನು’ ಎನ್ನುತ್ತಾರೆ. ಆ ಮಾತು ಸೌಜನ್ಯದ್ದು, ಅದನ್ನು ಬೇಡಿಕೆಯೆಂದು ಬರೆದುಕೊಳ್ಳಬಾರದು. ‘ಹೋದ ಸಲ ಎಲ್ಲಿ ಹೊಲಿಸಿದಿರಿ, ಎಷ್ಟು ಕೊಟ್ಟಿರಿ, ಎಷ್ಟು ದಿನ ಓಡಾಡಿಸಿದರು?’ ಎಂದು ಕೇಳಿದರೆ ನಡೆದದ್ದು ಹೊರಬರುತ್ತದೆ. ಹಾಗೆಯೇ, ನಾಳೆ ಪೈಪೋಟಿಗೆ ಬರುವವರಿಗೆ ಆ ಪೇಟೆಯ ಅಂಗಡಿಯವನು ಮನಸ್ಸು ಬಿಚ್ಚಲಾರ. ಪಕ್ಕದ ತಾಲ್ಲೂಕಿನವನು ಬಿಚ್ಚುತ್ತಾನೆ. ಇಂಥ ಸೂಕ್ಷ್ಮಗಳೇ ಸಮೀಕ್ಷೆಯ ಪಾಠವಾಗಬೇಕು.

ಇನ್ನೊಂದು ದೋಷ ಹೆಚ್ಚು ಗಂಭೀರವಾದದ್ದು. ಸಮೀಕ್ಷೆಯ ನಂತರ ಬರುವುದು ಯೋಜನಾ ವರದಿ, ಅದು ಹೋಗುವುದು ಬ್ಯಾಂಕಿಗೆ. ಹಾಗಾಗಿ ಸಾಲಕ್ಕೆ ಹೊಂದುವ ಅಂಕಿಗಳನ್ನು ಮೊದಲು ಇಟ್ಟುಕೊಂಡು ಸಮೀಕ್ಷೆಯನ್ನು ಅದಕ್ಕೆ ಕೂರಿಸುವ ಆಸೆ ಹುಟ್ಟುತ್ತದೆ. ಸಂಸ್ಥೆಯ ಸಾಧನೆಯನ್ನೂ ಅಳೆಯುವುದು ಎಷ್ಟು ಜನ ಸ್ವಂತ ಉದ್ಯೋಗದಲ್ಲಿ ನೆಲೆ ನಿಂತರು, ಎಷ್ಟು ಜನರಿಗೆ ಸಾಲ ಸಿಕ್ಕಿತು ಎಂಬ ಲೆಕ್ಕದಿಂದ. ಪೇಟೆ ಸುತ್ತಿ ಬಂದು ‘ಈ ವ್ಯಾಪಾರ ಇಲ್ಲಿ ಗಿಟ್ಟುವುದಿಲ್ಲ’ ಎಂದು ಸಾಲದಿಂದ ಪಾರಾದವಳು ಆ ಲೆಕ್ಕದಲ್ಲಿ ಸೋತವಳು. ನನ್ನ ಪ್ರಕಾರ ಅವಳು ಶಿಬಿರದ ಅತ್ಯುತ್ತಮ ವಿದ್ಯಾರ್ಥಿನಿ.

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2011ರಲ್ಲಿ ಆರಂಭಿಸಿದ ಐ-ಕಾರ್ಪ್ಸ್ ತರಬೇತಿಯನ್ನು ಇಲ್ಲಿ ನೆನೆಯಬೇಕು. ತಮ್ಮ ಸಂಶೋಧನೆಯನ್ನು ಉದ್ಯಮವಾಗಿಸಲು ಹೊರಟ ವಿಜ್ಞಾನಿಗಳ ತಂಡಗಳು ಅಲ್ಲಿ ಕೆಲವೇ ವಾರಗಳಲ್ಲಿ ನೂರರಷ್ಟು ಜನರನ್ನು ಕಂಡು ಮಾತಾಡಬೇಕು. ಕೊನೆಗೆ ‘ಮುಂದುವರಿಯಬೇಕೇ, ಬೇಡವೇ’ ಎಂದು ಅವರೇ ತೀರ್ಮಾನಿಸಬೇಕು. ಬೇಡ ಎಂಬುದೂ ಅಲ್ಲಿ ಒಪ್ಪತಕ್ಕ ಫಲಿತಾಂಶ. ಆ ತಂಡಗಳಿಗೆ ಸರ್ಕಾರದ ಅನುದಾನವಿದೆ, ಸೋತರೆ ಮರಳಲು ಪ್ರಯೋಗಾಲಯವಿದೆ. ನಮ್ಮ ಹಳ್ಳಿಯ ಹುಡುಗಿಗೆ ಅಂಥ ಯಾವ ಆಸರೆಯೂ ಇಲ್ಲ. ಎಚ್ಚರದ ಸಮೀಕ್ಷೆ ಹೆಚ್ಚು ಬೇಕಾಗಿರುವುದು ಅವಳಿಗೆ.

ರುಡ್‌ಸೆಟ್ ಪರವಾಗಿಯೂ ಹೇಳಲೇಬೇಕಾದದ್ದಿದೆ. ಶಿಬಿರಕ್ಕೆ ಬಂದವರು ದಿನಗೂಲಿ ಬಿಟ್ಟು, ಮಕ್ಕಳನ್ನು ಬಿಟ್ಟು ಬಂದಿರುತ್ತಾರೆ. ದಿನ ಹೆಚ್ಚಿಸಿದಷ್ಟೂ ಬಡವರೇ ಹೊರಗುಳಿಯುವ ಭಯವಿದೆ. ಮನೆಯಿಂದಾಚೆ ಒಬ್ಬರೇ ಓಡಾಡದ ಹೆಣ್ಣುಮಕ್ಕಳು ಅಪರಿಚಿತ ಅಂಗಡಿಗೆ ಹೋಗಿ ಪ್ರಶ್ನೆ ಕೇಳುವುದೇ ದೊಡ್ಡ ಬಿಡುಗಡೆ, ಅದನ್ನು ಈ ಸಂಸ್ಥೆ ಸಾಧಿಸಿ ತೋರಿಸಿದೆ. ಮೇಲಾಗಿ ಇದರ ಬೇರಿನಲ್ಲೇ ಬೀದಿಯ ತಿಳಿವಳಿಕೆ ಇದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ಮೂರೇ ವರ್ಷದಲ್ಲಿ ಪಿಗ್ಮಿ ಯೋಜನೆ ತಂದು, ದಿನಕ್ಕೆ ಎರಡಾಣೆಯಂತೆ ಮನೆಮನೆಗೆ ಹೋಗಿ ಉಳಿತಾಯ ಸಂಗ್ರಹಿಸಿತು. ಬಡವರ ಬಳಿ ಉಳಿಸಲು ಏನಿದೆ ಎಂದು ಕಚೇರಿಯಲ್ಲಿ ಕೂತು ಊಹಿಸಿದ್ದರೆ ಪಿಗ್ಮಿ ಹುಟ್ಟುತ್ತಿರಲಿಲ್ಲ.

ಹಾಗಾಗಿ ಶಿಬಿರದ ದಿನ ಹೆಚ್ಚಿಸದೆಯೇ ಮಾಡಬಹುದಾದ ಮೂರು ಬದಲಾವಣೆಗಳನ್ನು ಸೂಚಿಸುತ್ತೇನೆ. ಸಮೀಕ್ಷೆಯನ್ನು ಎರಡು ಸಲ ಮಾಡಿಸಿ: ಕಸುಬು ಆರಿಸಿಕೊಳ್ಳುವ ಮೊದಲೊಮ್ಮೆ, ಯೋಜನಾ ವರದಿ ಬರೆಯುವ ಮೊದಲೊಮ್ಮೆ. ಎರಡನೆಯ ಸಲ ಬರೀ ವಿಚಾರಿಸಿ ಬರುವುದು ಬೇಡ, ತಾವು ಮಾಡಿದ್ದನ್ನು ನಾಲ್ಕು ಜನಕ್ಕೆ ಮಾರಿ ಬರಲಿ. ಅಪರಿಚಿತರೊಬ್ಬರು ಚೌಕಾಸಿ ಮಾಡಿ ಕೊಟ್ಟ ನೂರು ರೂಪಾಯಿ ನೂರು ಉತ್ತರಗಳಿಗಿಂತ ಹೆಚ್ಚು ಹೇಳುತ್ತದೆ. ಮೂರನೆಯದು, ಮನಸ್ಸು ಬದಲಿಸಿದವರನ್ನೂ ತಕ್ಕ ಕಾರಣ ಬರೆಸಿಕೊಂಡು ಸಾಧನೆಯ ಪಟ್ಟಿಗೆ ಸೇರಿಸಿ.

ಕಸುಬು ಕಲಿಸುವುದರಲ್ಲಿ, ಧೈರ್ಯ ತುಂಬುವುದರಲ್ಲಿ ರುಡ್‌ಸೆಟ್ ಮಾದರಿ ಗೆದ್ದಿದೆ. ಮಾರುಕಟ್ಟೆಯನ್ನು ಓದಲು ಕಲಿಸುವುದರಲ್ಲಿ ಅದು ಅರ್ಧ ದಾರಿಯಲ್ಲಿ ನಿಂತಿದೆ. ಉಳಿದರ್ಧಕ್ಕೆ ಹೊಸ ಕಟ್ಟಡವೂ ಬೇಡ, ದೊಡ್ಡ ಅನುದಾನವೂ ಬೇಡ. ವೇಳಾಪಟ್ಟಿಯನ್ನೂ ಲೆಕ್ಕದ ಪುಸ್ತಕವನ್ನೂ ತಿದ್ದುವ ಮನಸ್ಸು ಸಾಕು, ಆ ಮನಸ್ಸನ್ನು ಸಂಸ್ಥೆ ನಡೆಸುವ ಬ್ಯಾಂಕುಗಳು ಮಾಡಬೇಕು.