ಪಾತ್ರದ ಕಿಸೆಯಲ್ಲಿ ಎಷ್ಟಿದೆ?

ನಮ್ಮ ಹೊರನಾಡ ಕಥೆಗಳನ್ನು ಓದುವಾಗಲೆಲ್ಲ ನನಗೊಂದು ಪ್ರಶ್ನೆ ಕಾಡುತ್ತದೆ. ಈ ಮನುಷ್ಯನ ಖರ್ಚು ಹೇಗೆ ನಡೆಯುತ್ತದೆ? ಲೆಕ್ಕ ಬರೆದು ಹೊಟ್ಟೆ ಹೊರೆಯುವವನ ಚಟ ಇದು ಎಂದು ಸ್ನೇಹಿತರು ನಗುತ್ತಾರೆ, ನಗಲಿ. ಕಥಾನಾಯಕ ಹದಿನೇಳನೆಯ ಮಹಡಿಯ ಬಾಲ್ಕನಿಯಲ್ಲಿ ನಿಂತು ಊರಿನ ಮಳೆಯನ್ನು ನೆನೆಯುತ್ತಾನೆ. ಅಮ್ಮನ ಫೋನ್ ಬರುತ್ತದೆ, ಅಪ್ಪನಿಗೆ ಹುಷಾರಿಲ್ಲ. ಮರುದಿನವೇ ಅವನು ವಿಮಾನ ಹತ್ತಿರುತ್ತಾನೆ. ರಜೆ ಕೊಟ್ಟವರು ಯಾರು, ಟಿಕೆಟ್ಟಿಗೆ ಎಷ್ಟಾಯಿತು, ಅದು ಯಾರ ಕಾರ್ಡಿನ ಮೇಲೆ ಬಿತ್ತು, ಹೆಂಡತಿ ಏನೆಂದಳು? ಒಂದೂ ಇಲ್ಲ. ಮನುಷ್ಯನೊಬ್ಬ ಊರಿಗೆ ಹೋಗಿಬಂದ ಅನ್ನಿಸುವುದಿಲ್ಲ. ಹಂಬಲವೊಂದು ಪಾಸ್‌ಪೋರ್ಟ್ ಇಲ್ಲದೆ ತಿರುಗಾಡಿದಂತೆ ಕಾಣುತ್ತದೆ.

ಪಾತ್ರ ಕಟ್ಟುವುದನ್ನು ಹೇಳಿಕೊಡುವವರು ಒಂದು ಪಟ್ಟಿ ಕೊಡುವುದುಂಟು. ಪಾತ್ರದ ವಯಸ್ಸು, ಎತ್ತರ, ಮೆಚ್ಚಿನ ಬಣ್ಣ, ಬಾಲ್ಯದ ಗಾಯ, ಕನಸು, ಭಯ, ಎಲ್ಲವನ್ನೂ ಮೊದಲೇ ಬರೆದಿಟ್ಟುಕೊಳ್ಳಿ ಎನ್ನುತ್ತಾರೆ. ಇದು ಬ್ಯಾಂಕಿನ ಕೆವೈಸಿ ಫಾರಂ. ಅದನ್ನು ಪೂರ್ತಿ ತುಂಬಿದ ಗಿರಾಕಿ ಎಂಥವನು ಎಂಬುದು ಬ್ಯಾಂಕಿಗೆ ತಿಳಿದಿರುವುದಿಲ್ಲ. ಅವನ ಖಾತೆಯಲ್ಲಿ ಆರು ತಿಂಗಳು ಏನು ಬಂತು, ಏನು ಹೋಯಿತು ಎಂದು ನೋಡಿದ ಮೇಲೆ ಅಲ್ಪಸ್ವಲ್ಪ ತಿಳಿಯುತ್ತದೆ.

‘ಸಂಸ್ಕಾರ’ವನ್ನೇ ತೆಗೆದುಕೊಳ್ಳಿ. ಅನಂತಮೂರ್ತಿ ಅದನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಸಂಶೋಧನೆಗೆಂದು ಹೋಗಿದ್ದಾಗ. ಪ್ರಕಟವಾದದ್ದು 1965ರಲ್ಲಿ. ಅಂದರೆ ಲೆಕ್ಕಕ್ಕೆ ಅದೂ ಹೊರನಾಡಿನಲ್ಲಿ ಬರೆದ ಕನ್ನಡ ಪುಸ್ತಕವೇ. ವಿಮರ್ಶಕರು ಪ್ರಾಣೇಶಾಚಾರ್ಯರ ಆಧ್ಯಾತ್ಮಿಕ ತೊಳಲಾಟದ ಬಗ್ಗೆ ಸಾಕಷ್ಟು ಬರೆದಿದ್ದಾರೆ. ನನಗೆ ಆ ಅಗ್ರಹಾರ ನಿಜವೆನ್ನಿಸಿದ್ದು ದಾಸಾಚಾರ್ಯನಿಂದ. ಶ್ರಾದ್ಧ, ತಿಥಿಗಳ ಊಟವೇ ಅವನ ಜೀವನಾಧಾರ. ನಾರಣಪ್ಪನ ಹೆಣ ಹೊರಗೆ ಹೋಗುವವರೆಗೆ ಯಾರೂ ಉಣ್ಣುವಂತಿಲ್ಲವೆಂದಾಗ ಉಳಿದವರು ಧರ್ಮದ ಚರ್ಚೆ ಮಾಡುತ್ತಾರೆ, ಇವನಿಗೆ ಹೊಟ್ಟೆ ಚುರುಗುಟ್ಟುತ್ತದೆ. ಕೊನೆಗೆ ಪಾರಿಜಾತಪುರಕ್ಕೆ ನಡೆದುಹೋಗಿ ಸ್ಮಾರ್ತ ಮಂಜಯ್ಯನ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಾನೆ. ಸಾವಿನ ಊಟದಿಂದ ಬದುಕುವವನನ್ನು ಒಂದು ಸಾವು ಉಪವಾಸ ಕೆಡವಿದೆ. ಇಷ್ಟು ಗೊತ್ತಾದರೆ ದಾಸಾಚಾರ್ಯನ ಮೂಗು ಹೇಗಿತ್ತೆಂದು ಹೇಳಬೇಕಾದ್ದಿಲ್ಲ.

ಚಂದ್ರಿ ತನ್ನ ಒಡವೆಗಳನ್ನು ಬಿಚ್ಚಿ ಸಂಸ್ಕಾರದ ಖರ್ಚಿಗೆಂದು ಆಚಾರ್ಯರ ಮುಂದಿಟ್ಟ ಗಳಿಗೆಯೂ ಅಂಥದೇ. ಅಲ್ಲಿಯವರೆಗೆ ‘ನಾನೊಲ್ಲೆ, ನೀನು ಮಾಡು’ ಎಂಬಂತೆ ಜಾರಿಕೊಳ್ಳುತ್ತಿದ್ದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರ ನಿಲುವು ಬಂಗಾರ ಕಂಡೊಡನೆ ಸಡಿಲವಾಗುತ್ತದೆ. ಲೇಖಕರು ಅವರನ್ನು ‘ಆಸೆಬುರುಕರು’ ಎಂದು ಬೈದು ಸುಮ್ಮನಾಗಿದ್ದರೆ ಅವರು ವ್ಯಂಗ್ಯಚಿತ್ರಗಳಾಗುತ್ತಿದ್ದರು. ಆದರೆ ಆ ಮನೆಗಳ ಹೆಂಗಸರ ಮನಸ್ಸಿನ ಒಳಕ್ಕೂ ಅವರು ನಮ್ಮನ್ನು ಕರೆದುಕೊಂಡು ಹೋಗುತ್ತಾರೆ. ನಾರಣಪ್ಪನ ಹೆಂಡತಿಯಾಗಿ ನೊಂದು ಸತ್ತವಳು ಅನಸೂಯಳ ತಂಗಿ. ಆ ಚಿನ್ನ ನ್ಯಾಯವಾಗಿ ಯಾರಿಗೆ ಸೇರಬೇಕಿತ್ತು ಎಂಬ ಉರಿ ಅವಳಿಗಿದ್ದರೆ ಅದನ್ನು ಬರಿಯ ದುರಾಸೆ ಎನ್ನಲಾಗುವುದಿಲ್ಲ. ಪ್ರತಿ ಆಸೆಯ ಹಿಂದೆಯೂ ಒಂದು ಹಳೆಯ ಬಾಕಿ ಇದೆ.

ಪ್ರಾಣೇಶಾಚಾರ್ಯರದ್ದಾದರೂ ಏನು? ರೋಗಿಷ್ಠೆ ಎಂದು ತಿಳಿದೇ ಭಾಗೀರಥಿಯನ್ನು ಮದುವೆಯಾದವರು. ಆ ಸೇವೆ ಪುಣ್ಯದ ಖಾತೆಗೆ ದಿನದಿನವೂ ಜಮೆಯಾಗುತ್ತಿದೆ ಎಂಬ ಸಣ್ಣ ಸಂತೃಪ್ತಿ ಅವರಲ್ಲಿದೆ. ಅವರ ಒಳ್ಳೆಯತನದಲ್ಲೇ ಈ ಬಿರುಕು ಇರುವುದರಿಂದ ಅವರ ಪತನವನ್ನು ನಾವು ನಂಬುತ್ತೇವೆ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇದನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ಚಹಾ ಕಂಪನಿಯ ಸೇಲ್ಸ್‌ಮನ್ ಆಗಿದ್ದ ಅಪ್ಪ, ಸೋನಾ ಮಸಾಲಾ ಶುರುಮಾಡಿದ ಚಿಕ್ಕಪ್ಪ, ಹೆಸರಿಗಷ್ಟೇ ನಿರ್ದೇಶಕನಾಗಿ ಕೆಲಸವಿಲ್ಲದೆ ಸಂಬಳ ಪಡೆಯುವ ನಿರೂಪಕ. ಅವನಿಗೆ ಹೆಸರೇ ಇಲ್ಲ, ಮುಖದ ವರ್ಣನೆಯೂ ಇಲ್ಲ. ಆದರೂ ಆತ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ದುಡ್ಡು ಎಲ್ಲಿಂದ ಬರುತ್ತದೆ, ಅದಕ್ಕಾಗಿ ಅವನು ಯಾವಾಗ ಬಾಯಿ ಮುಚ್ಚಿಕೊಳ್ಳುತ್ತಾನೆ ಎಂಬೆರಡೂ ಗೊತ್ತು. ಚಿಕ್ಕಪ್ಪನನ್ನು ಹುಡುಕಿಕೊಂಡು ಮನೆ ಬಾಗಿಲಿಗೆ ಬಂದ ಹೆಂಗಸನ್ನು ಈ ಮನೆಯವರು ಅಟ್ಟುವ ಪ್ರಸಂಗ ಓದಿ. ಅಮ್ಮ, ಮಾಲತಿ ಯಾರೂ ಹುಟ್ಟಾ ಕೆಟ್ಟವರಲ್ಲ. ಮನೆಗೆ ಅನ್ನ ಹಾಕುವವನಿಗೆ ಕಿರಿಕಿರಿಯಾಗಬಾರದು, ಅಷ್ಟೇ. ಆ ಕ್ರೌರ್ಯ ಪೂರ್ತಿ ಅರ್ಥವಾಗುವಂಥದ್ದಾದ್ದರಿಂದಲೇ ಭಯವಾಗುತ್ತದೆ. ಅಪ್ಪ ತನ್ನ ಪಾಲಿನ ಆಸ್ತಿಯನ್ನು ಯಾರಿಗಾದರೂ ಕೊಟ್ಟುಬಿಟ್ಟರೆ ಎಂದು ಮನೆಮಂದಿ ಒಳಗೊಳಗೇ ಹೆದರುವುದೂ ಹಾಗೆಯೇ. ಶ್ರೀನಾಥ್ ಪೆರೂರರ ಇಂಗ್ಲಿಷ್ ಅನುವಾದದಲ್ಲಿ ಬೆಂಗಳೂರನ್ನು ಕಾಣದವರೂ ಈ ಮನೆಯನ್ನು ಗುರುತು ಹಿಡಿದರು. ಅಡುಗೆಮನೆಯ ಇರುವೆಗಳ ಜೊತೆಗೆ ಈ ಲೆಕ್ಕಾಚಾರವೂ ಅವರಿಗೆ ಪರಿಚಿತವೆನ್ನಿಸಿರಬೇಕು.

ಹಾಗೆಂದು ಪ್ರತಿ ಕಥೆಗೂ ಒಂದು ಸಂಬಳದ ಚೀಟಿ ಲಗತ್ತಿಸಿದರೆ ಪಾತ್ರ ಜೀವಂತವಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಲೆಕ್ಕ ಸರಿಹೊಂದಿದರೂ ಸುಳ್ಳಾಗಿರಬಹುದು. ಚಿಲ್ಲರೆ ಖರ್ಚಿನ ಪುಸ್ತಕದಲ್ಲಿ ತಿಂಗಳುದ್ದಕ್ಕೂ 500, 1,000, 1,500 ಎಂದು ದುಂಡುದುಂಡಾದ ಅಂಕಿಗಳೇ ಇದ್ದು, ಎಲ್ಲವೂ ಒಂದೇ ಪೆನ್ನಿನಲ್ಲಿದ್ದರೆ ಆಡಿಟ್ ಮಾಡುವವನ ಕಿವಿ ನೆಟ್ಟಗಾಗುತ್ತದೆ. ಇದು ದಿನವೂ ಬರೆದದ್ದಲ್ಲ, ನಿನ್ನೆ ರಾತ್ರಿ ಕೂತು ಬರೆದದ್ದು. ನಮ್ಮ ಎಷ್ಟೋ ಪಾತ್ರಗಳು ಹೀಗೆ ಒಂದೇ ಪೆನ್ನಿನವು. ತ್ಯಾಗಮಯಿ ತಾಯಿ ಮೊದಲ ಸಾಲಿನಿಂದ ಕೊನೆಯವರೆಗೂ ತ್ಯಾಗವನ್ನೇ ಮಾಡುತ್ತಾಳೆ. ಒಂದು ದಿನವೂ ನೆರೆಮನೆಯವಳ ಹೊಸ ಫ್ರಿಜ್ ಕಂಡು ಹೊಟ್ಟೆ ಉರಿಸಿಕೊಳ್ಳುವುದಿಲ್ಲ. ಮಗ ಕೊನೆಯ ದೃಶ್ಯದಲ್ಲಿ ಅಳಬೇಕು, ಅದಕ್ಕಾಗಿ ಹಿಂದಿನ ಪುಟಗಳನ್ನೆಲ್ಲ ಹೊಂದಿಸಲಾಗಿರುತ್ತದೆ.

ಕುವೆಂಪು ಅವರ ನಾಯಿಗುತ್ತಿಗೆ ಹುಲಿಯನ ಮೇಲಿರುವ ಪ್ರೀತಿಯನ್ನು ಯಾವ ಕಾಲಂನಲ್ಲಿ ಬರೆಯೋಣ? ಅದು ಲೆಕ್ಕಕ್ಕೆ ಸಿಗದೆ ಉಳಿಯುವ ಬಾಬತ್ತು. ಆದರೆ ಗುತ್ತಿ ಒಡೆಯರಿಗೆ ಕಟ್ಟುಬಿದ್ದ ಜೀತದವನು, ಅವನ ಓಡಾಟ, ಮದುವೆ ಯಾವುದೂ ಅವನ ಕೈಯಲ್ಲಿಲ್ಲ. ಇದು ಗೊತ್ತಿರುವುದರಿಂದ ಆ ನಾಯಿ ಅವನ ಪಾಲಿಗೆ ಏನು ಎಂಬುದು ನಮಗೆ ತಟ್ಟುತ್ತದೆ.

ಯಶವಂತ ಚಿತ್ತಾಲರ ‘ಶಿಕಾರಿ’ (1979) ಹೊರಗಿದ್ದು ಬರೆಯುವವರ ಪಾಠಪುಸ್ತಕವಾಗಬೇಕಿತ್ತು. ಹನೇಹಳ್ಳಿಯ ಚಿತ್ತಾಲರು ಮುಂಬಯಿಯ ಉದ್ಯಮದಲ್ಲಿ ದುಡಿದವರು, ಕಂಪನಿಯ ಒಳಗನ್ನು ಕಂಡವರು. ಅವರ ನಾಗಪ್ಪನನ್ನು ಕೆಲಸದಿಂದ ಅಮಾನತು ಮಾಡುತ್ತಾರೆ, ಏಕೆಂದು ಅವನಿಗೇ ತಿಳಿಯದು. ಊರಿನ ನೆನಪು ಅವನಿಗೂ ಬರುತ್ತದೆ. ಆದರೆ ಕುರ್ಚಿಯ ಕಾಲು ಮುರಿದ ಮೇಲೆ ಬರುತ್ತದೆ, ಆದ್ದರಿಂದ ಆ ನೆನಪಿಗೆ ಹಲ್ಲಿದೆ.

ನಾನಿರುವ ದುಬೈಯಲ್ಲಿ ಇಂಥ ಕಥೆಗಳಿಗೇನು ಕೊರತೆ? ಹೆಂಡತಿಯನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಂ ಸಂಬಳವಿರಬೇಕು, ಇಲ್ಲವೆ 3,000 ಮತ್ತು ವಸತಿ. ಗಂಡಹೆಂಡಿರು ಒಟ್ಟಿಗಿರುವುದು ಒಂದು ಅಂಕಿಯ ಮೇಲೆ ನಿಂತಿದೆ. ಕೆಲಸ ಹೋದರೆ ವೀಸಾವೂ ಹೋಗುತ್ತದೆ. ಇನ್ನೊಂದಿದೆ. ದಿರ್ಹಂ ಡಾಲರಿಗೆ ಕಟ್ಟಿದ ನಾಣ್ಯ, ಒಂದು ಡಾಲರಿಗೆ 3.6725. ರೂಪಾಯಿ ಕುಸಿದ ದಿನ ಇಲ್ಲಿಯ ಎಕ್ಸ್‌ಚೇಂಜ್‌ಗಳ ಮುಂದೆ ಸಾಲು ಬೆಳೆಯುತ್ತದೆ. ದೇಶಭಕ್ತಿಯ ಹಾಡಿಗೆ ಕಣ್ಣೊದ್ದೆ ಮಾಡಿಕೊಳ್ಳುವ ಮನುಷ್ಯ ರೂಪಾಯಿ ಬಿತ್ತೆಂದು ಒಳಗೊಳಗೇ ಖುಷಿಪಡುತ್ತಾನೆ, ಇನ್ನೆರಡು ದಿನ ಕಾದರೆ ಇನ್ನಷ್ಟು ಬಿದ್ದೀತೇ ಎಂದು ಯೋಚಿಸುತ್ತಾನೆ. ಇವನನ್ನು ನಾನು ಕನ್ನಡ ಕಥೆಯಲ್ಲಿ ಇನ್ನೂ ಭೇಟಿಯಾಗಿಲ್ಲ.

ಊರಿನಲ್ಲಿ ಉಳಿದ ತಮ್ಮನನ್ನೂ ಅಷ್ಟೇ. ಹೊರನಾಡ ಕಥೆಗಳಲ್ಲಿ ಅವನು ವಿಮಾನ ನಿಲ್ದಾಣಕ್ಕೆ ಕಾರು ತರುತ್ತಾನೆ, ಇಲ್ಲವೆ ಆಸ್ತಿಗೆ ಜಗಳ ತೆಗೆಯುತ್ತಾನೆ. ಅಣ್ಣ ಕಳಿಸಿದ ದುಡ್ಡು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ತಾರೀಖಿನ ಸಮೇತ ಇದೆ. ತಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದ ರಾತ್ರಿಗಳು, ಅಮ್ಮನನ್ನು ಒಬ್ಬಳೇ ಬಿಡಲಾಗದೆ ಕೈಬಿಟ್ಟ ಹುಬ್ಬಳ್ಳಿಯ ಕೆಲಸ ಯಾವ ಪುಸ್ತಕದಲ್ಲೂ ಇಲ್ಲ. ಜಗಳದ ದೃಶ್ಯದಲ್ಲಿ ಅವನು ಬಾಯಿ ತೆರೆದಾಗ ಲೇಖಕರು ಬೇಗ ಬೇಗ ಅವನ ಮಾತು ಮುಗಿಸಿ ಅಣ್ಣನ ಕಣ್ಣೀರಿನ ಕಡೆಗೆ ತಿರುಗುತ್ತಾರೆ. ನನಗೆ ಆ ತಮ್ಮನ ಮಾತನ್ನು ಪೂರ್ತಿ ಕೇಳಬೇಕಿದೆ, ಅದೂ ಅಣ್ಣನೇ ಬರೆದ ಕಥೆಯಲ್ಲಿ.